ಬಾಯ್ಲರ್ ಇದ್ದರೂ ಚಳಿ, ಬಿಲ್ ನೋಡಿದರೆ ಬೆವರು

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನೂರು ವರ್ಷಕ್ಕೂ ಹಳೆಯ ಇಟ್ಟಿಗೆಯ ಸಾಲುಮನೆ, ಮೂರು ಬೆಡ್‌ರೂಮ್, ಗ್ಯಾಸ್ ಕಾಂಬಿ ಬಾಯ್ಲರ್ (ರೇಡಿಯೇಟರ್‌ಗೂ ನಲ್ಲಿಗೂ ನೀರು ಕಾಯಿಸುವುದು ಅದೊಂದೇ). ಮಗಳಿಗೆ ಎರಡು ವರ್ಷ. ಹಾಸನದಿಂದ ಅತ್ತೆ ಬಂದಿದ್ದಾರೆ. ಹೋದ ಚಳಿಗಾಲದ ಬಿಲ್ ನೋಡಿ ಹೆದರಿ, ಈ ಸಲ ಬಾಯ್ಲರನ್ನು ಬೆಳಿಗ್ಗೆ ಒಂದು ಗಂಟೆ, ಸಂಜೆ ಎರಡು ಗಂಟೆ ಮಾತ್ರ ಹಾಕುತ್ತಿದ್ದೇವೆ. ರಾತ್ರಿ ಮಗಳ ರೂಮಿಗೆ ಕರೆಂಟಿನ ಆಯಿಲ್ ಹೀಟರ್ ಇಡುತ್ತೇವೆ. ಆದರೂ ಬಿಲ್ ಇಳಿದಿಲ್ಲ. ಬಟ್ಟೆ ಒಣಗಿಸುವುದು ರೇಡಿಯೇಟರ್ ಮೇಲೆ. ಗಾಳಿ ಬರುತ್ತದೆಂದು ಕಿಟಕಿಯ ಮೇಲಿನ ಸಣ್ಣ ಕಿಂಡಿಗಳಿಗೆ ಟೇಪ್ ಹಚ್ಚಿದ್ದೇವೆ. ಈಗ ಗಾಜಿನ ಮೇಲೆ ನೀರು ಇಳಿಯುತ್ತದೆ, ಮಗಳ ರೂಮಿನ ವಾರ್ಡ್‌ರೋಬ್ ಹಿಂದೆ ಕಪ್ಪು ಬೂಷ್ಟು ಬಂದಿದೆ. ನಮ್ಮ ಯಜಮಾನರು ‘ಇಡೀ ದಿನ ಸಣ್ಣಗೆ ಹಾಕಿಟ್ಟರೆ ಕಡಿಮೆ ಬೀಳುತ್ತೆ’ ಅನ್ನುತ್ತಾರೆ. ಯಾರದ್ದು ಸರಿ? ಸ್ವಂತ ಮನೆ ಅಲ್ಲ, ಜಾಸ್ತಿ ಖರ್ಚು ಮಾಡುವ ಹಾಗೂ ಇಲ್ಲ. ಫೆಬ್ರವರಿ ಕೊನೆಗೆ ಅತ್ತೆಯವರನ್ನು ಬಿಟ್ಟುಬರಲು ಎಲ್ಲರೂ ಎರಡು ವಾರ ಊರಿಗೆ ಹೋಗುತ್ತಿದ್ದೇವೆ. ಆಗ ಬಾಯ್ಲರ್ ಪೂರ್ತಿ ಆರಿಸಬಹುದಾ?

ಉತ್ತರ: ನಿಮ್ಮ ಬಿಲ್ಲಿನ ಕಳ್ಳ ಮಗಳ ರೂಮಿನಲ್ಲೇ ಇದ್ದಾನೆ. ಅದೇ ಆ ಆಯಿಲ್ ಹೀಟರ್.

ಇಂಗ್ಲೆಂಡಿನಲ್ಲಿ ಗ್ಯಾಸಿನ ಒಂದು ಯೂನಿಟ್‌ಗೆ, ಅಂದರೆ ಒಂದು ಕಿಲೋವ್ಯಾಟ್-ಅವರ್‌ಗೆ, ಸುಮಾರು 6 ಪೆನ್ಸ್. ಕರೆಂಟಿನ ಒಂದು ಯೂನಿಟ್‌ಗೆ 25 ಪೆನ್ಸ್ ಆಸುಪಾಸು. ಸರ್ಕಾರದ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಮೂರು ತಿಂಗಳಿಗೊಮ್ಮೆ ಈ ದರದ ಮಿತಿಯನ್ನು ಬದಲಿಸುತ್ತದೆ. ಅಂಕಿ ಸ್ವಲ್ಪ ಮೇಲೆ ಕೆಳಗೆ ಆಗುತ್ತದೆ, ಆದರೆ ಕರೆಂಟಿನ ಯೂನಿಟ್ ಗ್ಯಾಸಿನ ಯೂನಿಟ್‌ಗಿಂತ ಸುಮಾರು ನಾಲ್ಕು ಪಟ್ಟು ದುಬಾರಿ ಅನ್ನುವುದು ಹಾಗೇ ಉಳಿದಿದೆ. ನಿಮ್ಮ ಹೀಟರ್ 2 ಕಿಲೋವ್ಯಾಟಿನದ್ದು ಅಂದುಕೊಳ್ಳೋಣ. ರಾತ್ರಿ ಹತ್ತು ಗಂಟೆ ಇಡುತ್ತೀರಿ, ಅದರಲ್ಲಿ ಅರ್ಧ ಹೊತ್ತು ತಾನೇ ಆಫ್ ಆಗಿರುತ್ತದೆ. ಆದರೂ 10 ಯೂನಿಟ್ ಆಯಿತು, ಎರಡೂವರೆ ಪೌಂಡ್. ಅಷ್ಟೇ ಶಾಖ ಬಾಯ್ಲರ್‌ನಿಂದ ಬಂದರೆ, ಚಿಮಣಿಯಲ್ಲಿ ಹೋಗುವ ನಷ್ಟವನ್ನೂ ಸೇರಿಸಿ, 70 ಪೆನ್ಸ್ ಆಗುತ್ತದೆ. ತಿಂಗಳಿಗೆ 75 ಪೌಂಡ್ ಕೊಡುತ್ತಿರುವುದು 21 ಪೌಂಡಿಗೆ ಸಿಗುವ ಶಾಖಕ್ಕೆ. ‘ಆಯಿಲ್ ಹೀಟರ್ ಕರೆಂಟ್ ಕಡಿಮೆ ತಿನ್ನುತ್ತೆ’ ಎಂದು ಅಂಗಡಿಯವರು ಹೇಳಿರುತ್ತಾರೆ. ಸುಮ್ನೆ ಮಾತು. ಎಣ್ಣೆ ಇರಲಿ, ಫ್ಯಾನ್ ಇರಲಿ, ಸೆರಾಮಿಕ್ ಇರಲಿ, ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖ, ಅಷ್ಟೇ. ಆನ್‌ಲೈನಿನಲ್ಲಿ ಮಾರುವ ಅಂಗೈಯಗಲದ ‘ಅದ್ಭುತ’ ಹೀಟರ್‌ಗಳೂ ಇದೇ ಜಾತಿ. ಪ್ಲಗ್ಗಿಗೆ ಚುಚ್ಚಿದರೆ ಬಿಲ್ ಅರ್ಧ ಆಗುತ್ತದೆ ಎನ್ನುವ ಡಬ್ಬಿಗಳಂತೂ ಶುದ್ಧ ಮೋಸ.

ನಿಮ್ಮ ಲೆಕ್ಕ ಏನೆಂದು ಗೊತ್ತು. ಇಡೀ ಮನೆ ಬಿಸಿ ಮಾಡುವ ಬದಲು ಒಂದೇ ರೂಮ್ ಮಾಡೋಣ ಅಂತ, ಅಲ್ವಾ? ಯೋಚನೆ ಸರಿ, ಸಾಧನ ತಪ್ಪು. ಒಂದೇ ರೂಮನ್ನು ಗ್ಯಾಸಿನಿಂದಲೇ ಬಿಸಿ ಮಾಡಬಹುದು. ರೇಡಿಯೇಟರ್ ಪಕ್ಕದಲ್ಲಿ 1ರಿಂದ 5ರವರೆಗೆ ಅಂಕಿ ಇರುವ ತಿರುಗಣೆ ಇರುತ್ತದೆ. ಅದು ಫ್ಯಾನ್ ರೆಗ್ಯುಲೇಟರ್ ಥರ ಅಲ್ಲ. 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುವುದಿಲ್ಲ. ರೂಮ್ ಎಷ್ಟು ಡಿಗ್ರಿಗೆ ಬಂದಾಗ ನೀರು ನಿಲ್ಲಿಸಬೇಕು ಅನ್ನುವುದನ್ನು ಅದು ಹೇಳುತ್ತದೆ, ಅಷ್ಟೇ. 3 ಅಂದರೆ ಸುಮಾರು 20 ಡಿಗ್ರಿ. ರಾತ್ರಿ ಮಗಳ ರೂಮು ಎರಡು ಎರಡೂವರೆಯಲ್ಲಿರಲಿ. ಅತ್ತೆಯವರ ರೂಮು 3ರಲ್ಲಿರಲಿ. ಯಾರೂ ಮಲಗದ ರೂಮು 1ರಲ್ಲಿರಲಿ. ಪೂರ್ತಿ ಮುಚ್ಚಬೇಡಿ. ಯಾಕೆಂದು ಬೂಷ್ಟಿನ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಒಂದು ಸೂಕ್ಷ್ಮ ಇದೆ. ಕಾಂಬಿ ಬಾಯ್ಲರ್ ಎಷ್ಟು ಸಣ್ಣಗೆ ಉರಿದರೂ ಅದರ ಉರಿ ಒಂದು ರೇಡಿಯೇಟರ್‌ಗೆ ಜಾಸ್ತಿಯೇ. ಒಂದನ್ನು ಮಾತ್ರ ತೆರೆದಿಟ್ಟರೆ ಬಾಯ್ಲರ್ ಹತ್ತಿಕೊಳ್ಳುವುದು, ಆರುವುದು, ಮತ್ತೆ ಹತ್ತಿಕೊಳ್ಳುವುದು ನಡೆಯುತ್ತಲೇ ಇರುತ್ತದೆ. ಅದರಲ್ಲಿ ಗ್ಯಾಸ್ ಪೋಲಾಗುತ್ತದೆ. ಎರಡು ಬೆಡ್‌ರೂಮ್ ಜೊತೆಗೆ ಥರ್ಮೋಸ್ಟಾಟ್ (ಮನೆಯ ತಾಪಮಾನ ನೋಡಿ ಬಾಯ್ಲರ್ ಹತ್ತಿಸುವ, ಆರಿಸುವ ಗೋಡೆಯ ಡಬ್ಬಿ) ಇರುವ ಜಾಗದ ರೇಡಿಯೇಟರ್, ಇಷ್ಟು ತೆರೆದಿದ್ದರೆ ಸರಿಹೋಗುತ್ತದೆ.

ಇನ್ನು ಬಾಯ್ಲರ್ ಹತ್ತಿರ ಹೋಗೋಣ. ಈ ಉತ್ತರದಲ್ಲಿ ಒಂದೇ ಒಂದು ಕೆಲಸ ಮಾಡುವಷ್ಟು ಪುರುಸೊತ್ತು ನಿಮಗಿದ್ದರೆ ಇದನ್ನು ಮಾಡಿ. ಬಾಯ್ಲರ್ ಮುಂದೆ ಎರಡು ಗುಂಡಿಗಳಿರುತ್ತವೆ. ಒಂದರ ಮೇಲೆ ನಲ್ಲಿಯ ಚಿತ್ರ, ಇನ್ನೊಂದರ ಮೇಲೆ ರೇಡಿಯೇಟರಿನ ಚಿತ್ರ. ರೇಡಿಯೇಟರ್ ಗುಂಡಿ ಒತ್ತಿ ನೋಡಿ. 75 ಅಥವಾ 80 ಅಂತ ಕಾಣುವ ಸಾಧ್ಯತೆಯೇ ಜಾಸ್ತಿ. ಕೂರಿಸಿದವರು ಹಾಗೇ ಬಿಟ್ಟು ಹೋಗಿರುತ್ತಾರೆ. ಅದನ್ನು 60ಕ್ಕೆ ಇಳಿಸಿ. ಇದು ರೂಮಿನ ತಾಪಮಾನ ಅಲ್ಲ. ಪೈಪಿನಲ್ಲಿ ಹರಿಯುವ ನೀರಿನದ್ದು.

ಇದರಿಂದ ಉಳಿತಾಯ ಹೇಗೆ? ಗ್ಯಾಸ್ ಉರಿದಾಗ ಬರುವ ಹೊಗೆಯಲ್ಲಿ ನೀರಾವಿ ತುಂಬಿರುತ್ತದೆ. ಆ ಆವಿಯಲ್ಲೂ ನೀವು ದುಡ್ಡು ಕೊಟ್ಟ ಶಾಖ ಇರುತ್ತದೆ. 2005ರ ಏಪ್ರಿಲ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರ್‌ಗಳು ಹೆಚ್ಚುಕಡಿಮೆ ಎಲ್ಲವೂ ಕಂಡೆನ್ಸಿಂಗ್ ಜಾತಿಯವೇ. ಅಂದರೆ ಆ ಆವಿಯನ್ನು ಒಳಗೇ ನೀರಾಗಿಸಿ ಅದರ ಶಾಖವನ್ನೂ ಹಿಂಡಿಕೊಳ್ಳುವ ಯಂತ್ರಗಳು. ಆದರೆ ರೇಡಿಯೇಟರ್‌ಗಳನ್ನು ಸುತ್ತಿ ವಾಪಸ್ ಬರುವ ನೀರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಈ ಕೆಲಸ ನಡೆಯುತ್ತದೆ. 80ರಲ್ಲಿ ಹೊರಟ ನೀರು ಹೆಚ್ಚಾಗಿ 60ಕ್ಕೂ ಮೇಲೆಯೇ ವಾಪಸ್ ಬರುತ್ತದೆ. ಆಗ ಆವಿ ಹೊರಗೆ ಹೋಯಿತು, ಶಾಖವೂ ಹೋಯಿತು. ಬಾಯ್ಲರ್ ಮೇಲೆ ಅಂಟಿಸಿದ ‘ಎ’ ದರ್ಜೆಯ ಚೀಟಿ ಗೋಡೆಗೆ ಅಲಂಕಾರ ಅಷ್ಟೇ. ಪರೀಕ್ಷೆ ಮಾಡುವುದು ಸುಲಭ. ಬಾಯ್ಲರ್ ಕೆಳಗಿನಿಂದ ಹೊರಗೆ ಹೋಗುವ ಬಿಳಿ ಪ್ಲಾಸ್ಟಿಕ್ ಪೈಪ್ ನೋಡಿ. ಹೀಟಿಂಗ್ ಓಡುವಾಗ ಅದರಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಆವಿ ನೀರಾಗುತ್ತಿದೆ ಅಂತ ಅರ್ಥ.

60ಕ್ಕೆ ಇಳಿಸಿದರೆ ಗ್ಯಾಸಿನಲ್ಲಿ ಅಂದಾಜು ಶೇ. 6ರಿಂದ 8 ಉಳಿಯುತ್ತದೆ, ಖರ್ಚು ಸೊನ್ನೆ. ಆದರೆ ರೂಮ್ ಬಿಸಿಯಾಗಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಮೊದಲು ಆರೂವರೆಗೆ ಹಾಕುತ್ತಿದ್ದರೆ ಈಗ ಆರಕ್ಕೆ ಹಾಕಬೇಕು. ಮುಟ್ಟಿದರೆ ಕೈ ಸುಡುವುದಿಲ್ಲ. ಹಾಗಾಗಿ ಅತ್ತೆಯವರು ‘ಇದು ಕೆಟ್ಟುಹೋಗಿದೆ ಕಣಮ್ಮ’ ಅನ್ನಬಹುದು. ಮಗು ಓಡಾಡುವ ಮನೆಯಲ್ಲಿ ಸುಡದಿರುವುದು ಒಳ್ಳೆಯದೇ. ಹೊರಗೆ ನೀರು ಹೆಪ್ಪುಗಟ್ಟುವ ವಾರಗಳಲ್ಲಿ ರೂಮು 18 ಡಿಗ್ರಿಗೆ ಬರುತ್ತಲೇ ಇಲ್ಲ ಅನ್ನಿಸಿದರೆ 65ಕ್ಕೆ ಏರಿಸಿ, ಆಮೇಲೆ ಇಳಿಸಿ. ನಲ್ಲಿಯ ಗುಂಡಿ 50ರಲ್ಲಿದ್ದರೆ ಸಾಕು. 60ರಲ್ಲಿ ಬಂದ ನೀರಿಗೆ ತಣ್ಣೀರು ಬೆರೆಸಿಕೊಂಡು ಸ್ನಾನ ಮಾಡುವುದರಲ್ಲಿ ಲಾಭವಿಲ್ಲ. ‘ಪ್ರೀಹೀಟ್’ ಅಥವಾ ‘ಕಂಫರ್ಟ್’ ಎಂಬ ಗುರುತು ಹತ್ತಿದ್ದರೆ ಆರಿಸಿ. ನೀವು ನಲ್ಲಿ ತಿರುಗಿಸದಿದ್ದರೂ ದಿನವಿಡೀ ಸ್ವಲ್ಪ ನೀರನ್ನು ಬಿಸಿಯಾಗಿ ಇಟ್ಟುಕೊಳ್ಳುವ ವ್ಯವಸ್ಥೆ ಅದು. ಬೇರೆ ಓದುಗರಿಗೊಂದು ಮಾತು: ಮನೆಯಲ್ಲಿ ಬಿಸಿನೀರಿನ ದೊಡ್ಡ ಸಿಲಿಂಡರ್ ಇದ್ದರೆ ಹೀಗೆ ಇಳಿಸಬೇಡಿ. ಅದರೊಳಗಿನ ನೀರು 60 ಡಿಗ್ರಿ ಮುಟ್ಟಲೇಬೇಕು, ಇಲ್ಲದಿದ್ದರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಈಗ ನಿಮ್ಮ ಮನೆಯ ಜಗಳ. ಶುದ್ಧ ಲೆಕ್ಕದಲ್ಲಿ ಗೆಲುವು ನಿಮ್ಮದು. ಒಳಗೂ ಹೊರಗೂ ತಾಪಮಾನದ ವ್ಯತ್ಯಾಸ ಎಷ್ಟು ಜಾಸ್ತಿಯೋ ಮನೆ ಅಷ್ಟು ಬೇಗ ಶಾಖ ಕಳೆದುಕೊಳ್ಳುತ್ತದೆ. ತಣ್ಣಗಾಗಲು ಬಿಟ್ಟ ಮನೆ ಕಡಿಮೆ ಕಳೆದುಕೊಳ್ಳುತ್ತದೆ. ಮತ್ತೆ ಬಿಸಿ ಮಾಡಲು ಬೇಕಾಗುವುದು ಆ ಉಳಿದದ್ದಕ್ಕಿಂತ ಜಾಸ್ತಿ ಆಗುವುದಿಲ್ಲ. ಎಲ್ಲರೂ ಕೆಲಸಕ್ಕೆ ಹೋಗಿ ಸಂಜೆ ಬರುವ ಮನೆಗೆ ಟೈಮರ್ ಹಾಕುವುದೇ ಸರಿ.

ಆದರೆ ನಿಮ್ಮದು ಆ ಮನೆ ಅಲ್ಲ. ಹಗಲೆಲ್ಲ ಒಬ್ಬ ಹಿರಿಯರು, ಒಂದು ಮಗು ಒಳಗೇ ಇದ್ದಾರೆ. ನಮ್ಮಲ್ಲಿ ಗೀಸರ್ ಹಾಕುವ ಅಭ್ಯಾಸವೇ ಇಲ್ಲಿಗೂ ಬಂದುಬಿಡುತ್ತದೆ. ಬೇಕಾದಾಗ ಹಾಕಿ, ಕೆಲಸ ಆದ ಕೂಡಲೇ ಆರಿಸುವುದು. ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆ ಗೋಡೆಯ ಮನೆಗೆ ಅದು ಹೊಂದುವುದಿಲ್ಲ. ಈ ಗೋಡೆಗಳಲ್ಲಿ ನಡುವೆ ಟೊಳ್ಳು ಇಲ್ಲ, ಶಾಖ ತಡೆಯುವ ಪದರವೂ ಇಲ್ಲ. ಒಂದು ಗಂಟೆ ಬಾಯ್ಲರ್ ಓಡಿದರೆ ಗಾಳಿ ಬಿಸಿಯಾಗುತ್ತದೆ, ಗೋಡೆ ತಣ್ಣಗೇ ಇರುತ್ತದೆ. ಥರ್ಮಾಮೀಟರ್ 19 ತೋರಿಸಿದರೂ ಮೈಗೆ ಚಳಿ ಹತ್ತುವುದು ಅದಕ್ಕೇ. ಬೂಷ್ಟು ಬರುವುದೂ ಅಂಥ ಗೋಡೆಯ ಮೇಲೇ. ಹಾಗಾಗಿ ನಿಮ್ಮ ಯಜಮಾನರ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಹಗಲು ಥರ್ಮೋಸ್ಟಾಟ್ 19ರಲ್ಲಿರಲಿ. ರಾತ್ರಿ ಆರಿಸುವ ಬದಲು 18ಕ್ಕೆ ಇಳಿಸಿ. ಮನೆ ಒಳಗೆ ಕನಿಷ್ಠ 18 ಡಿಗ್ರಿ ಇರಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಯಸ್ಸಾದವರ ವಿಷಯದಲ್ಲಿ ಅದರ ಕೆಳಗೆ ಜಿಪುಣತನ ಬೇಡ. ರಕ್ತದೊತ್ತಡ ಏರುವುದು, ಎದೆಯ ತೊಂದರೆ ಎಲ್ಲ ಅಲ್ಲಿಂದಲೇ ಶುರುವಾಗುತ್ತವೆ. ಗ್ಯಾಸ್ ಸ್ವಲ್ಪ ಜಾಸ್ತಿ ಉರಿಯುತ್ತದೆ, ಹೌದು. ಹೀಟರ್ ತೆಗೆದಿಟ್ಟಿದ್ದರಲ್ಲೇ ಅದು ಸರಿದೂಗುತ್ತದೆ.

ಥರ್ಮೋಸ್ಟಾಟ್ ಎಲ್ಲಿದೆ ಅಂತಲೂ ನೋಡಿ. ಇಂಥ ಮನೆಗಳಲ್ಲಿ ಮುಂಬಾಗಿಲಿನ ಪಕ್ಕದ ಓಣಿಯಲ್ಲೇ ಇರುತ್ತದೆ. ಬಾಗಿಲ ಸಂದಿಯ ಗಾಳಿ ಅದಕ್ಕೆ ನೇರ ಬಡಿದರೆ ಮನೆಯೆಲ್ಲ ಬಿಸಿಯಾದರೂ ಅದು ‘ಇನ್ನೂ ಚಳಿ’ ಅನ್ನುತ್ತಲೇ ಇರುತ್ತದೆ.

ಈಗ ಬೂಷ್ಟು. ನಿಮ್ಮ ಪತ್ರದಲ್ಲಿ ನನಗೆ ಬಿಲ್ಲಿಗಿಂತ ಚಿಂತೆ ಆದದ್ದು ಇದು.

20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತದೆ. ಅದೇ ಗಾಳಿ 10 ಡಿಗ್ರಿಗೆ ಇಳಿದರೆ 9 ಗ್ರಾಂ ಚಿಲ್ಲರೆ ಮಾತ್ರ. ಉಳಿದದ್ದು ಎಲ್ಲಿಗೆ ಹೋಗಬೇಕು? ಸಿಕ್ಕ ತಣ್ಣನೆಯ ಜಾಗದಲ್ಲಿ ಕೂರುತ್ತದೆ. ಗಾಜು ಮೊದಲು, ಆಮೇಲೆ ಹೊರಗೋಡೆಯ ಮೂಲೆ, ವಾರ್ಡ್‌ರೋಬ್ ಹಿಂದೆ, ಮಂಚದ ಕೆಳಗೆ ಗೋಡೆಗೆ ಒತ್ತಿಟ್ಟ ಸೂಟ್‌ಕೇಸ್‌ಗಳ ಹಿಂದೆ. ನಮ್ಮವರ ಮನೆಯಲ್ಲಿ ಆ ಸೂಟ್‌ಕೇಸ್‌ಗಳು ಇದ್ದೇ ಇರುತ್ತವೆ, ಅಲ್ವಾ? ರೂಮಿನ ಬಿಸಿಗಾಳಿ ಅಲ್ಲಿಗೆ ತಲುಪುವುದಿಲ್ಲ, ಆವಿ ಮಾತ್ರ ತಲುಪುತ್ತದೆ. ಬಾಗಿಲು ಮುಚ್ಚಿ ಪೂರ್ತಿ ತಣ್ಣಗೆ ಬಿಟ್ಟ ರೂಮಿನಲ್ಲೂ ಇದೇ ಕಥೆ. ಅದಕ್ಕೇ ಖಾಲಿ ರೂಮನ್ನು 1ರಲ್ಲಿ ಇಡಿ ಅಂದದ್ದು.

ಆವಿ ಬರುವುದು ಎಲ್ಲಿಂದ? ಉಸಿರು, ಸ್ನಾನ, ಅಡುಗೆ, ಬಟ್ಟೆ. ಒಂದು ಸಲ ಮಶೀನಿಗೆ ಹಾಕಿ ತೆಗೆದ ಒದ್ದೆ ಬಟ್ಟೆಯಲ್ಲಿ ಸುಮಾರು 2 ಲೀಟರ್ ನೀರಿರುತ್ತದೆ. ಮಗಳ ರೂಮಿನ ರೇಡಿಯೇಟರ್ ಮೇಲೆ ಹರಡಿದರೆ ಆ ಎರಡು ಲೀಟರ್ ಅದೇ ರೂಮಿನ ಗಾಳಿಗೆ ಸೇರುತ್ತದೆ. ಬಟ್ಟೆ ಆವಿಯಾಗಲು ಶಾಖ ಎಳೆದುಕೊಳ್ಳುತ್ತದೆ, ಲೀಟರಿಗೆ 0.6 ಯೂನಿಟ್‌ಗೂ ಮೇಲೆ. ರೇಡಿಯೇಟರ್ ಮುಚ್ಚಿಹೋಗಿ ರೂಮೂ ತಣ್ಣಗಿರುತ್ತದೆ. ಮೂರು ಕಡೆಯಿಂದ ನಷ್ಟ.

ನೀವು ಮಾಡಿದ ಇನ್ನೊಂದು ಕೆಲಸ ಕಿಂಡಿಗಳಿಗೆ ಟೇಪ್ ಹಚ್ಚಿದ್ದು. ಇವತ್ತೇ ಕಿತ್ತುಹಾಕಿ. ಅವು ಇರುವುದೇ ಆವಿ ಹೊರಗೆ ಹೋಗಲಿ ಅಂತ. ‘ಹೊರಗೆ ಮಳೆ, ಅಲ್ಲಿಯ ಗಾಳಿಯೇ ಒದ್ದೆ, ಕಿಟಕಿ ತೆರೆದು ಏನು ಒಣಗುತ್ತದೆ?’ ಎಂದು ತುಂಬ ಜನ ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಹೊರಗೆ 5 ಡಿಗ್ರಿ, ಮಂಜು ಕವಿದಿದೆ. ಆ ಗಾಳಿ ಪೂರ್ತಿ ಒದ್ದೆಯಾಗಿದ್ದರೂ ಅದರಲ್ಲಿರುವುದು ಘನ ಮೀಟರಿಗೆ 7 ಗ್ರಾಂ ಒಳಗೆ. ಒಳಗೆ ಬಂದು 20 ಡಿಗ್ರಿಗೆ ಬಿಸಿಯಾದರೆ ಅದರ ತೇವಾಂಶ ಶೇ. 40ಕ್ಕೆ ಬಂದುಬಿಡುತ್ತದೆ. ಒಣಗಿದ ಗಾಳಿ! ಇನ್ನು ಶಾಖದ ಖರ್ಚು. ಮಗಳ ರೂಮು ಮೂರೂವರೆ ಮೀಟರ್ ಉದ್ದ, ಅಷ್ಟೇ ಅಗಲ ಅಂದುಕೊಳ್ಳಿ. ಒಳಗಿರುವುದು ಸುಮಾರು 30 ಘನ ಮೀಟರ್ ಗಾಳಿ. ಅಷ್ಟನ್ನೂ ಹೊರಗೆ ಕಳಿಸಿ ಹೊಸ ಗಾಳಿಯನ್ನು 15 ಡಿಗ್ರಿ ಏರಿಸಲು ಬೇಕಾಗುವುದು 0.15 ಯೂನಿಟ್. ಗ್ಯಾಸಿನಲ್ಲಿ ಒಂದು ಪೆನ್ನಿ. ಗಾಳಿಯಲ್ಲಿ ಶಾಖ ನಿಲ್ಲುವುದೇ ಕಡಿಮೆ. ಅದು ಇರುವುದು ಗೋಡೆಯಲ್ಲಿ, ಮಂಚದಲ್ಲಿ, ನೆಲದಲ್ಲಿ. ಹತ್ತು ನಿಮಿಷ ಕಿಟಕಿ ತೆರೆದರೆ ಅವು ತಣ್ಣಗಾಗುವುದಿಲ್ಲ.

ಆದ್ದರಿಂದ ಬೆಳಿಗ್ಗೆ ಎದ್ದ ಮೇಲೆ ಒಂದು ಸಲ, ರಾತ್ರಿ ಅಡುಗೆ ಮುಗಿದ ಮೇಲೆ ಒಂದು ಸಲ, ಎದುರುಬದುರು ಕಿಟಕಿಗಳನ್ನು ಹತ್ತು ನಿಮಿಷ ಅಗಲವಾಗಿ ತೆರೆಯಿರಿ. ಮಗುವನ್ನೂ ಅತ್ತೆಯವರನ್ನೂ ಆಗ ಬೇರೆ ರೂಮಿನಲ್ಲಿ ಕೂರಿಸಿ. ಇಡೀ ದಿನ ಒಂದು ಬೆರಳು ಸಂದಿ ಬಿಡುವುದು ಮಾತ್ರ ಬೇಡ. ಅದರಿಂದ ಕಿಟಕಿ ಸುತ್ತಲ ಗೋಡೆ ತಣ್ಣಗಾಗಿ ಬೂಷ್ಟಿಗೆ ಇನ್ನೂ ಅನುಕೂಲ. ಇಡ್ಲಿ ಬೇಯುವಾಗ, ಅನ್ನ ಕುದಿಯುವಾಗ ಅಡುಗೆಮನೆ ಬಾಗಿಲು ಹಾಕಿ, ಫ್ಯಾನ್ ಹಾಕಿ. ಬಚ್ಚಲಿನ ಫ್ಯಾನು ಸ್ನಾನ ಆದ ಮೇಲೂ ಹದಿನೈದು ನಿಮಿಷ ಓಡಲಿ. ಅದು ಉರಿಸುವುದು ಹತ್ತು ಇಪ್ಪತ್ತು ವ್ಯಾಟ್. ದಿನವಿಡೀ ಓಡಿದರೂ ಹತ್ತು ಹನ್ನೆರಡು ಪೆನ್ಸ್ ದಾಟುವುದಿಲ್ಲ.

ಖರ್ಚು ಮಾಡುವುದೇ ಆದರೆ ನನ್ನ ಮತ ಗಾಳಿಯ ತೇವ ಹೀರುವ ಯಂತ್ರ ಡೀಹ್ಯುಮಿಡಿಫೈಯರ್‌ಗೆ. ಮನೆಯ ಚಿಕ್ಕ ರೂಮಿನಲ್ಲಿ ಬಟ್ಟೆ ಸ್ಟ್ಯಾಂಡ್ ಇಟ್ಟು, ಬಾಗಿಲು ಕಿಟಕಿ ಮುಚ್ಚಿ, ಇದನ್ನು ಹಾಕಿಬಿಡಿ. ಅದು ಎಳೆಯುವುದು 200 ವ್ಯಾಟ್ ಆಸುಪಾಸು, ಅಂದರೆ ಗಂಟೆಗೆ 5 ಪೆನ್ಸ್. ಆವಿ ನೀರಾಗಿ ಡಬ್ಬಿಗೆ ಬೀಳುವಾಗ ಬಟ್ಟೆ ಎಳೆದುಕೊಂಡಿದ್ದ ಶಾಖವೂ ರೂಮಿಗೆ ವಾಪಸ್ ಬರುತ್ತದೆ. ಹಳೆಯ ಮಾದರಿಯ ಟಂಬಲ್ ಡ್ರೈಯರ್ ಒಂದು ಸಲಕ್ಕೆ 4 ರಿಂದ 5 ಯೂನಿಟ್ ತಿನ್ನುತ್ತದೆ, ಅದರ ಮುಂದೆ ಇದು ಎಷ್ಟೋ ಮೇಲು. ಅದಕ್ಕೂ ಮೊದಲು ಹತ್ತು ಪೌಂಡ್ ಒಳಗೆ ಸಿಗುವ ತೇವಾಂಶದ ಮೀಟರ್ ತಂದು ಮಗಳ ರೂಮಿನಲ್ಲಿಡಿ. ಶೇ. 40ರಿಂದ 60ರ ನಡುವೆ ಇದ್ದರೆ ನೆಮ್ಮದಿ. ದಿನಗಟ್ಟಲೆ 70ರ ಮೇಲೇ ನಿಂತಿದ್ದರೆ ಬೂಷ್ಟು ತೊಳೆದಷ್ಟೂ ಬರುತ್ತದೆ.

ಈಗ ಬಂದಿರುವ ಬೂಷ್ಟನ್ನು ಒಣ ಬ್ರಷ್‌ನಿಂದ ಉಜ್ಜಬೇಡಿ, ಅದರ ಪುಡಿ ಮನೆಯೆಲ್ಲ ಹಾರುತ್ತದೆ. ಮಗಳನ್ನು ಬೇರೆ ರೂಮಿಗೆ ಕಳಿಸಿ. ಗ್ಲೌಸ್, ಮಾಸ್ಕ್ ಹಾಕಿಕೊಂಡು ಸೋಪುನೀರಿನಲ್ಲೋ ಬೂಷ್ಟಿಗೆಂದೇ ಮಾರುವ ದ್ರಾವಣದಲ್ಲೋ ಅದ್ದಿದ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಎಸೆಯಿರಿ. ವಾರ್ಡ್‌ರೋಬನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ. ಸಾಧ್ಯವಾದರೆ ಅದನ್ನು ಒಳಗೋಡೆಗೆ ಸಾಗಿಸಿ. ಮೇಲೆ ಪೇಂಟ್ ಬಳಿದು ಮುಚ್ಚುವುದು ಕೆಲಸಕ್ಕೆ ಬರುವುದಿಲ್ಲ.

ಸಂದಿಗಾಳಿಯ ಕೆಲಸ ಒಂದು ಶನಿವಾರದ್ದು. ಸಂಜೆ ಗಾಳಿ ಬೀಸುವಾಗ ಕೈ ಒದ್ದೆ ಮಾಡಿಕೊಂಡು ಬಾಗಿಲು, ಕಿಟಕಿ, ನೆಲಪಟ್ಟಿಗಳ ಅಂಚಿನುದ್ದಕ್ಕೂ ಹಿಡಿದು ನೋಡಿ. ತಣ್ಣಗೆ ತಾಗುವ ಕಡೆ ಗುರುತು ಹಾಕಿ. ಮುಂಬಾಗಿಲಿನ ಅಂಚೆ ಕಿಂಡಿಗೆ ಬ್ರಷ್ ಇರುವ ಮುಚ್ಚಳ, ಬೀಗದ ತೂತಿಗೆ ಮುಚ್ಚಳ, ಚೌಕಟ್ಟಿಗೆ ಅಂಟುವ ಫೋಮ್ ಪಟ್ಟಿ. ಬಾಗಿಲ ಕೆಳಗಿನ ಸಂದಿಗೆ ಹಳೆ ಸೀರೆಯನ್ನು ಉದ್ದಕ್ಕೆ ಹೊಲಿದು ಬಟ್ಟೆ ಚೂರು ತುಂಬಿದರೆ ಆಯಿತು. ಅತ್ತೆಯವರು ಅರ್ಧ ಗಂಟೆಯಲ್ಲಿ ಮಾಡಿಕೊಟ್ಟಾರು. ಹಾಲಿನಲ್ಲಿ ಬಳಸದ ಹಳೆ ಅಗ್ಗಿಷ್ಟಿಕೆ ಇದ್ದರೆ ಮನೆಯ ದೊಡ್ಡ ತೂತು ಅದೇ. ಬಿಸಿಗಾಳಿ ನೇರ ಆಕಾಶಕ್ಕೆ ಹೋಗುತ್ತಿರುತ್ತದೆ. ಚಿಮಣಿಗೆ ತುರುಕುವ ಉಣ್ಣೆಯ ಮುಚ್ಚಳ ಅಥವಾ ಗಾಳಿ ತುಂಬುವ ಚೀಲ ಸಿಗುತ್ತದೆ. ಮಾಲೀಕರಿಗೆ ಹೇಳಿ ಹಾಕಿ. ‘ಒಳಗೆ ಚೀಲ ಇದೆ, ಬೆಂಕಿ ಹಾಕಬೇಡಿ’ ಎಂಬ ಚೀಟಿಯನ್ನು ಅಲ್ಲೇ ಅಂಟಿಸಿ. ಆದರೆ ಹೊರಗೋಡೆಯ ಬುಡದಲ್ಲಿ ತೂತುತೂತಾದ ಇಟ್ಟಿಗೆಗಳು ಕಾಣುತ್ತವಲ್ಲ, ಅವನ್ನು ಮುಚ್ಚಬಾರದು. ಮರದ ನೆಲದ ಕೆಳಗೆ ಗಾಳಿಯಾಡದಿದ್ದರೆ ಹಲಗೆಗಳು ಕೊಳೆಯುತ್ತವೆ.

ಕಿಟಕಿಗೆ ಒಂದೇ ಗಾಜಿದ್ದರೆ, ಚೌಕಟ್ಟಿಗೆ ಅಂಟಿಸಿ ಹೇರ್ ಡ್ರೈಯರ್‌ನಿಂದ ಬಿಗಿ ಮಾಡುವ ತೆಳು ಪ್ಲಾಸ್ಟಿಕ್ ಹಾಳೆ ಸಿಗುತ್ತದೆ. ನೋಡಲು ಚೆಂದವಿಲ್ಲ, ಕೆಲಸ ಚೆನ್ನಾಗಿ ಮಾಡುತ್ತದೆ. ಗಾಳಿಗೆ ತೆರೆಯಬೇಕಾದ ಕಿಟಕಿಗೆ ಮಾತ್ರ ಹಾಕಬೇಡಿ. ದಪ್ಪ ಪರದೆ ಕತ್ತಲಾಗುತ್ತಲೇ ಎಳೆಯಿರಿ. ಅದು ರೇಡಿಯೇಟರ್ ಮೇಲೆ ಇಳಿಬೀಳಬಾರದು, ಕಿಟಕಿ ಕಟ್ಟೆಗೇ ನಿಲ್ಲಲಿ. ಇಲ್ಲದಿದ್ದರೆ ಪರದೆ ಹಿಂದಿನ ಗಾಜು ಬೆಚ್ಚಗಾಗುತ್ತದೆ, ನೀವು ಆಗುವುದಿಲ್ಲ. ಸೋಫಾ ರೇಡಿಯೇಟರಿಗೆ ಒತ್ತಿಕೊಂಡಿದ್ದರೆ ಅದನ್ನೂ ಸರಿಸಿ. ರೇಡಿಯೇಟರ್ ಮೇಲ್ಭಾಗ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ. ಹೀಟಿಂಗ್ ಆರಿಸಿ, ತಣಿದ ಮೇಲೆ ಸಣ್ಣ ಕೀಲಿಯಿಂದ ಗಾಳಿ ಬಿಟ್ಟು, ಬಾಯ್ಲರ್ ಒತ್ತಡದ ಮುಳ್ಳು 1 ಮತ್ತು 1.5 ಬಾರ್ ನಡುವೆ ಇದೆಯಾ ನೋಡಿ. ಕೆಳಭಾಗ ತಣ್ಣಗಿದ್ದರೆ ಒಳಗೆ ಕೆಸರು ಕಟ್ಟಿದೆ, ಅದು ಮಾಲೀಕರ ತಲೆನೋವು.

ಮನೆಯನ್ನು ಬಿಟ್ಟು ಮನುಷ್ಯರನ್ನು ಬೆಚ್ಚಗಿಡುವುದು ಎಲ್ಲಕ್ಕಿಂತ ಅಗ್ಗ. ಮೇಲೆ ಕರೆಂಟ್ ಹೀಟರನ್ನು ಬೈದೆ, ಆದರೆ ಕರೆಂಟ್ ಕಂಬಳಿಗೆ ನನ್ನ ಒಪ್ಪಿಗೆ ಇದೆ. ಅದು ಎಳೆಯುವುದು ನೂರು ವ್ಯಾಟ್ ಆಸುಪಾಸು. ಎರಡು ಗಂಟೆಗೆ 5 ಪೆನ್ಸ್. ಅತ್ತೆಯವರು ಟಿವಿ ನೋಡುವಾಗ ಕಾಲ ಮೇಲೆ ಹಾಕಿಕೊಳ್ಳಲಿ. ಮಗಳಿಗೆ ಬೇಡ. ಚಿಕ್ಕ ಮಕ್ಕಳಿಗೆ ಅದನ್ನು ಬಳಸಬಾರದು. ಸೀರೆ ಒಳಗೆ ಥರ್ಮಲ್ ಲೆಗ್ಗಿಂಗ್ಸ್, ಉಣ್ಣೆ ಕಾಲುಚೀಲ, ಮನೆಯೊಳಗೂ ಚಪ್ಪಲಿ. ಇದಕ್ಕೆ ಅವರನ್ನು ಒಪ್ಪಿಸುವುದು ಬಾಯ್ಲರ್ ರಿಪೇರಿಗಿಂತ ಕಷ್ಟ ಇರಬಹುದು. ಆದರೆ ಬರಿಗಾಲಲ್ಲಿ ಲ್ಯಾಮಿನೇಟ್ ನೆಲದ ಮೇಲೆ ಓಡಾಡಿದರೆ 21 ಡಿಗ್ರಿಯಲ್ಲೂ ಚಳಿಯೇ. ಬಿಸಿನೀರಿನ ರಬ್ಬರ್ ಚೀಲ ಇದ್ದರೆ ಅದರ ಮೇಲೆ ಹೂವಿನಾಕಾರದ ಅಚ್ಚು ನೋಡಿ. ನಡುವಿನ ಅಂಕಿ ತಯಾರಾದ ವರ್ಷ. ಎರಡು ವರ್ಷ ಬಳಸಿದ್ದನ್ನು ಎಸೆಯಿರಿ. ಕುದಿಯುವ ನೀರು ತುಂಬಬೇಡಿ.

ಒಂದು ವಿಷಯದಲ್ಲಿ ಮಾತ್ರ ಸಲಿಗೆ ಇಲ್ಲ. ಊರಿನಲ್ಲಿ ಕೆಂಡದ ಮುಂದೆ ಕೂತು ಚಳಿ ಕಾಯಿಸಿದ ಅಭ್ಯಾಸ ಅತ್ತೆಯವರಿಗೆ ಇದ್ದೀತು. ಹೆಂಚಿನ ಸಂದಿಯಲ್ಲಿ ಹೊಗೆ ಹೋಗುವ ಮನೆ ಬೇರೆ, ಬಾಗಿಲು ಕಿಟಕಿ ಬಿಗಿದ ಈ ಮನೆ ಬೇರೆ. ಬಾರ್ಬೆಕ್ಯೂ ಇದ್ದಿಲು, ಸೀಮೆಎಣ್ಣೆ ಹೀಟರ್, ಬೆಚ್ಚಗಾಗಲಿ ಅಂತ ಗ್ಯಾಸ್ ಒಲೆ ಉರಿಸಿಡುವುದು, ಯಾವುದೂ ಬೇಡ. ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಬಾಯ್ಲರ್ ಇರುವ ರೂಮಿನಲ್ಲಿ ಅದರ ಅಲಾರ್ಮ್ ಹಾಕಿಸುವುದು 2022ರ ಅಕ್ಟೋಬರ್‌ನಿಂದ ಮಾಲೀಕರ ಕರ್ತವ್ಯ. ಇದೆಯಾ ಅಂತ ಇವತ್ತೇ ಗುಂಡಿ ಒತ್ತಿ ನೋಡಿ.

ಮಾಲೀಕರ ಮಾತು ಬಂತು. ನಿಮ್ಮ ಮನೆಯ ಇಂಧನ ಪ್ರಮಾಣಪತ್ರವನ್ನು ಸರ್ಕಾರಿ ವೆಬ್‌ಸೈಟಿನಲ್ಲಿ ಪಿನ್‌ಕೋಡ್ ಹಾಕಿ ಪುಕ್ಕಟೆ ನೋಡಬಹುದು. ‘ಎ’ಯಿಂದ ‘ಜಿ’ವರೆಗೆ ದರ್ಜೆ ಇರುತ್ತದೆ. ವಿನಾಯಿತಿ ನೋಂದಾಯಿಸದ ಹೊರತು ‘ಎಫ್’, ‘ಜಿ’ ದರ್ಜೆಯ ಮನೆಯನ್ನು ಬಾಡಿಗೆಗೆ ಕೊಡುವಂತಿಲ್ಲ. ಅಟ್ಟದ ಬಗ್ಗೆ ಅದರಲ್ಲಿ ಏನು ಬರೆದಿದೆ ಓದಿ. ಅಟ್ಟದ ಮೇಲೆ 270 ಮಿಲಿಮೀಟರ್ ದಪ್ಪಕ್ಕೆ ಉಣ್ಣೆಯಂಥ ಹಾಸು ಇರಬೇಕು ಎನ್ನುವುದು ಈಗಿನ ಸಲಹೆ. ಹಳೆಯ ಮನೆಗಳಲ್ಲಿ ಒಂದು ಗೇಣೂ ಇರುವುದಿಲ್ಲ. ಇದು ಮಾಲೀಕರನ್ನು ಕೇಳಬಹುದಾದ ಕೆಲಸ. ಹೊರಗೋಡೆಗೆ ಪದರ ಹಾಕಿಸುವುದು ಸಾವಿರಾರು ಪೌಂಡಿನ ಮಾತು, ಅದರ ಆಸೆ ಇಟ್ಟುಕೊಳ್ಳಬೇಡಿ. 150 ಪೌಂಡಿನ ವಾರ್ಮ್ ಹೋಮ್ ಡಿಸ್ಕೌಂಟ್ ಬಗ್ಗೆ ಗೆಳೆಯರು ಹೇಳಿದರೆ, ಅದು ಸರ್ಕಾರಿ ನೆರವಿನ ಭತ್ಯೆ ಪಡೆಯುವವರಿಗೆ. ಕೆಲಸದ ವೀಸಾದಲ್ಲಿರುವವರಿಗೆ ಸಾಮಾನ್ಯವಾಗಿ ಆ ಭತ್ಯೆಗಳೇ ಇಲ್ಲ.

ಬೂಷ್ಟಿನ ಬಗ್ಗೆ ಮಾಲೀಕರಿಗೆ ಈಮೇಲ್‌ನಲ್ಲೇ ಬರೆಯಿರಿ. ಫೋಟೋ, ತಾರೀಖು, ತೇವಾಂಶದ ಮೀಟರ್ ತೋರಿಸಿದ ಅಂಕಿ ಎಲ್ಲ ಹಾಕಿ. ‘ನೀವು ಬಟ್ಟೆ ಒಣಗಿಸಿದ್ದಕ್ಕೇ ಬಂತು’ ಎಂಬ ಉತ್ತರ ಮೊದಲು ಬರುತ್ತದೆ. ಮೇಲೆ ಹೇಳಿದ್ದನ್ನೆಲ್ಲ ಮೂರು ನಾಲ್ಕು ವಾರ ಮಾಡಿಯೂ ಬೂಷ್ಟು ಮರಳಿದರೆ ಆ ಮಾತಿಗೆ ಆಧಾರ ಉಳಿಯುವುದಿಲ್ಲ. ಛಾವಣಿ, ಮಳೆನೀರಿನ ಪೈಪು ಸೋರುತ್ತಿದೆಯಾ ಅಂತ ನೋಡಿಸಬೇಕಾದವರು ಅವರು. ಬಾಡಿಗೆ ಮನೆ ವಾಸಕ್ಕೆ ಯೋಗ್ಯವಾಗಿರಬೇಕು ಎಂಬ 2018ರ ಕಾಯ್ದೆ ಇಂಗ್ಲೆಂಡಿನಲ್ಲಿದೆ. ಕೇಳದಿದ್ದರೆ ಕೌನ್ಸಿಲ್‌ನ ಪರಿಸರ ಆರೋಗ್ಯ ವಿಭಾಗಕ್ಕೆ ದೂರು ಕೊಡಬಹುದು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅನ್ನಲು ಕಾರಣ ಇದೆ. 2020ರ ಡಿಸೆಂಬರ್‌ನಲ್ಲಿ ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಫ್ಲಾಟಿನ ಬೂಷ್ಟಿನಿಂದಾದ ಉಸಿರಾಟದ ತೊಂದರೆಯೇ ಕಾರಣ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರ್‌ನಲ್ಲಿ ಸಾಮಾಜಿಕ ವಸತಿ ಮನೆಗಳಿಗೆ, ಅಂದರೆ ಕೌನ್ಸಿಲ್ ಮತ್ತು ವಸತಿ ಸಂಘಗಳು ಬಾಡಿಗೆಗೆ ಕೊಡುವ ಮನೆಗಳಿಗೆ, ಜಾರಿಗೆ ಬಂತು. ಮಗಳಿಗೆ ಕೆಮ್ಮು, ಉಬ್ಬಸ ಬಿಡದೆ ಇದ್ದರೆ ಡಾಕ್ಟರ್ ಹತ್ತಿರ ಹೋದಾಗ ಬೂಷ್ಟಿನ ವಿಷಯ ಹೇಳಿ.

ಕೊನೆಗೆ ಊರಿನ ಪ್ರಯಾಣ. ಬಾಯ್ಲರನ್ನು ಪೂರ್ತಿ ಆರಿಸಬೇಡಿ. ಫೆಬ್ರವರಿಯಲ್ಲಿ ಇನ್ನೂ ಹಿಮ ಕಟ್ಟುತ್ತದೆ. ಪೈಪ್ ಒಡೆದರೆ ಎರಡು ವಾರ ಮನೆಯೊಳಗೆ ನೀರು ಹರಿಯುತ್ತದೆ. ಥರ್ಮೋಸ್ಟಾಟ್ 12ಕ್ಕೆ ಇಡಿ, ರೂಮುಗಳ ಬಾಗಿಲು ತೆರೆದಿಡಿ. ಬಾಯ್ಲರಿನ ಮೇನ್ ಸ್ವಿಚ್ ಆನ್ ಇರಲಿ. ಹೆಚ್ಚಿನ ಬಾಯ್ಲರ್‌ಗಳಲ್ಲಿ ಹಿಮದಿಂದ ಕಾಪಾಡುವ ವ್ಯವಸ್ಥೆ ಕರೆಂಟ್ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ನೀರಿನ ಮುಖ್ಯ ನಲ್ಲಿ ಎಲ್ಲಿದೆ ಅಂತ ತಿಳಿದುಕೊಂಡು ಪಕ್ಕದ ಮನೆಯವರಿಗೂ ತೋರಿಸಿ. ಬಂದಾಗ ಬಾಯ್ಲರ್ ಗುಡುಗುಡು ಸದ್ದು ಮಾಡಿ ಹತ್ತದೆ ನಿಂತರೆ, ಹೊರಗಿನ ಆ ಬಿಳಿ ಪೈಪಿನಲ್ಲಿ ನೀರು ಹೆಪ್ಪುಗಟ್ಟಿರುವ ಸಾಧ್ಯತೆ ಜಾಸ್ತಿ. ಅದರ ಮೇಲೆ ಉಗುರುಬೆಚ್ಚಗಿನ ನೀರು ಸುರಿದು ರೀಸೆಟ್ ಒತ್ತಿ. ಆಮೇಲೆ ಶವರ್ ತಲೆಯನ್ನು ಕೆಳಗೆ ಹಿಡಿದು, ಬಚ್ಚಲ ಕಿಟಕಿ ತೆರೆದು, ಎರಡು ನಿಮಿಷ ಬಿಸಿನೀರು ಹರಿಯಲು ಬಿಡಿ. ಎರಡು ವಾರ ಪೈಪಿನಲ್ಲೇ ನಿಂತ ನೀರು ಹೋದ ಮೇಲೆ ಮಗಳಿಗೆ ಸ್ನಾನ ಮಾಡಿಸಿ.